ಓದುಗರ ಪ್ರಶ್ನೆ: ಫೀ ಕಟ್ಟೋದು ಈಗ, ಸ್ಕಾಲರ್‌ಶಿಪ್ ಬರೋದು ಯಾವಾಗ?

ಈ ತಿಂಗಳು ಬಂದ ಪತ್ರ, ವಾಟ್ಸಾಪ್ ಮೆಸೇಜು ಎಲ್ಲ ನೋಡಿದ್ರೆ ಹೆಚ್ಚಿನವು ಕಾಲೇಜಿನ ದುಡ್ಡಿನ ಬಗ್ಗೆನೇ. ಕಾರವಾರ, ಕುಮಟಾ, ಹೊನ್ನಾವರದಿಂದ, ಘಟ್ಟದ ಮೇಲೆ ಶಿರಸಿ, ಯಲ್ಲಾಪುರದಿಂದಲೂ. ಹಂಗಾಗಿ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ತಿಂಗಳಿಗೆ ಇಟ್ಟು ಇದನ್ನೇ ತಗೊಂಡಿದ್ದೇನೆ. ಹೆಸರು ಯಾರದ್ದೂ ಹಾಕಿಲ್ಲ, ಊರು ಮಾತ್ರ.

ಪ್ರಶ್ನೆ: ನಾನು ಬೋಟಿಗೆ ಹೋಗುವವ. ನಾವು ಹರಿಕಂತ್ರರು, ಪ್ರವರ್ಗ 1. ಮಗಳಿಗೆ ಸಿಇಟಿಯಲ್ಲಿ ಇಂಜಿನಿಯರಿಂಗ್ ಸೀಟು ಸಿಗುವಷ್ಟು ರ‍್ಯಾಂಕ್ ಬಂದಿದೆ. ಬೋಟು ಬಂದ್ ಇರೋ ಸಮಯ, ಕೈಯಲ್ಲಿ ಏನೂ ಇಲ್ಲ. ಸ್ಕಾಲರ್‌ಶಿಪ್ ಬರ್ತದೆ ಬರ್ತದೆ ಅಂತ ಎಲ್ಲರೂ ಹೇಳ್ತಾರೆ. ಅಡ್ಮಿಶನ್ನಿಗೆ ಮೊದ್ಲೇ ಸಿಗ್ತದಾ? — ಕಾರವಾರ

ಇಲ್ಲ ಅಣ್ಣ, ಮೊದ್ಲು ಸಿಗೋದಿಲ್ಲ. ಇದನ್ನ ಯಾರೂ ಸರಿಯಾಗಿ ಬಿಡಿಸಿ ಹೇಳೋದಿಲ್ಲ ಅನ್ನೋದೇ ನನ್ನ ತಕರಾರು. ಅಡ್ಮಿಶನ್ ಆಗ್ಬೇಕು, ಕಾಲೇಜಿನ ರಿಜಿಸ್ಟರ್ ನಂಬರ್ ಬರ್ಬೇಕು, ಆಮೇಲೆ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್ಎಸ್‌ಪಿಯಲ್ಲಿ ಅರ್ಜಿ, ಆಮೇಲೆ ಕಾಲೇಜಿನವರು ನೋಡಿ ಓಕೆ ಮಾಡೋದು, ಆಮೇಲೆ ಇಲಾಖೆ, ಆಮೇಲೆ ಖಾತೆಗೆ ದುಡ್ಡು. ಅಷ್ಟರಲ್ಲಿ ಮೊದಲ ಸೆಮಿಸ್ಟರ್ ಪರೀಕ್ಷೆನೇ ಬಂದಿರ್ತದೆ. ಜೂನ್ 1ರಿಂದ ಜುಲೈ 31ರ ತನಕ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ಬಂದ್, ಸರಿಯಾಗಿ ಅದೇ ಹೊತ್ತಿಗೆ ಕಾಲೇಜು, ಕೌನ್ಸೆಲಿಂಗು ಅಂತ ಖರ್ಚು. ಹಂಗಾಗಿ ಮೊದಲ ಕಂತಿನ ದುಡ್ಡಿಗೆ ಬೇರೆ ದಾರಿ ಮಾಡ್ಕೊಳ್ಳಿ, ಸ್ಕಾಲರ್‌ಶಿಪ್ ನಂಬಿ ಕೈಗಡ ತರಬೇಡಿ.

ಆದ್ರೆ ಮೊದ್ಲೇ ಫೀ ಕಡಿಮೆ ಆಗೋ ದಾರಿ ಇದೆ, ಅದನ್ನ ಹಿಡೀರಿ. ಒಂದು, ಎಸ್ಎನ್‌ಕ್ಯೂ ಸೀಟು. ಸೂಪರ್‌ನ್ಯೂಮರರಿ ಕೋಟಾ ಅಂತಾರೆ, ಇಂಜಿನಿಯರಿಂಗ್‌ನಲ್ಲಿ ಇರೋ ಸೀಟಿನ ಮೇಲೆ ಶೇ 5ರಷ್ಟು ಹೆಚ್ಚಿಗೆ ಸೀಟು, ಮನೆ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿದ್ರೆ ಮೆರಿಟ್ ಮೇಲೆ ಕೊಡ್ತಾರೆ, ಟ್ಯೂಷನ್ ಫೀ ಇಲ್ಲ. ಪೂರ್ತಿ ಫ್ರೀ ಅಂತ ತಿಳ್ಕೊಬೇಡಿ, ಯೂನಿವರ್ಸಿಟಿ ಫೀ, ಕಾಲೇಜಿನ ಇತರೆ ಫೀ ಅಂತ ಕಟ್ಟೋದು ಇದ್ದೇ ಇರ್ತದೆ. ಸಿಇಟಿ ಅರ್ಜಿ ಹಾಕುವಾಗ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಸರಿಯಾಗಿ ಹಾಕಿದ್ರೇ ಇದು ಲೆಕ್ಕಕ್ಕೆ ಬರೋದು, ಆಪ್ಷನ್ ಎಂಟ್ರಿ (ಕಾಲೇಜು, ಬ್ರಾಂಚ್ ಆರಿಸೋದು) ಮಾಡುವಾಗ ಮಗಳ ಹತ್ರ ಕೂತು ನೋಡಿ. ಇನ್ನೊಂದು, ಸಿಇಟಿ ನಡೆಸೋ ಕೆಇಎಯ ಫೀ ಪಟ್ಟಿಯಲ್ಲಿ ವರ್ಗ, ಆದಾಯ ನೋಡಿ ಬೇರೆ ಬೇರೆ ಕಾಲಂ ಇರ್ತದೆ. ಪ್ರವರ್ಗ 1ರ ಸಾಲು ಎಲ್ಲಿದೆ ಅಂತ ನೋಡದೆ ಪೂರ್ತಿ ಫೀ ಕಟ್ಟಿ ಬರೋರು ಇದ್ದಾರೆ.

ಸೇರಿದ ಮೇಲೆ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇಯ ಪ್ರಗತಿ ಸ್ಕಾಲರ್‌ಶಿಪ್ ಬಿಡಲೇಬೇಡಿ. ಹೆಣ್ಣು ಮಕ್ಕಳಿಗೆ ಮಾತ್ರ ಇರೋದು, ವರ್ಷಕ್ಕೆ 50,000, ಮನೆ ಆದಾಯ 8 ಲಕ್ಷದ ಒಳಗೆ, ಒಂದು ಮನೆಯಿಂದ ಇಬ್ಬರು ಹೆಣ್ಣು ಮಕ್ಕಳ ತನಕ ಹಾಕಬಹುದು. ಮೊದಲ ವರ್ಷ ಸೇರಿದವರು, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರು ಮಾತ್ರ ಹೊಸದಾಗಿ ಹಾಕೋದು. ಮೊದಲ ವರ್ಷ ಬಿಟ್ರೆ ಬಿಟ್ಟಂಗೇ. ಇದು ಎಸ್ಎಸ್‌ಪಿಯಲ್ಲಿ ಅಲ್ಲ, ಕೇಂದ್ರದ ಎನ್ಎಸ್‌ಪಿ ಪೋರ್ಟಲ್ಲಲ್ಲಿ. ಅಲ್ಲಿ ಈಗ ಮೊದ್ಲು ಒಟಿಆರ್ ಅಂತ ಒಂದು ನಂಬರ್ ಮಾಡ್ಕೋಬೇಕು, ಮೊಬೈಲಲ್ಲಿ ಮುಖ ತೋರಿಸಿ ಆಧಾರ್ ಖಾತ್ರಿ ಮಾಡೋದು. ಮಳೆಗಾಲದಲ್ಲಿ ಕರೆಂಟು ಇಲ್ಲ, ನೆಟ್ವರ್ಕ್ ಇಲ್ಲ, ಆ ಒಟಿಆರ್ ಒಂದಕ್ಕೇ ಜನ ಸುಸ್ತಾಗಿ ಹೋಗ್ತಾರೆ, ಕೊನೆ ದಿನಕ್ಕೆ ಇಟ್ಕೋಬೇಡಿ. ಪ್ರಗತಿಯಲ್ಲಿ ಸೀಟು ಇಷ್ಟೇ ಅಂತ ಲೆಕ್ಕ ಇರ್ತದೆ, ಎಲ್ಲರಿಗೂ ಸಿಗ್ತದೆ ಅಂತಲ್ಲ.

ಮೀನುಗಾರರ ಮಕ್ಕಳಿಗೆ ವಿದ್ಯಾನಿಧಿ ಅಂತ ಕೇಳಿರ್ತೀರಿ. 2021ರಲ್ಲಿ ರೈತರ ಮಕ್ಕಳಿಗೆ ಅಂತ ಶುರು ಮಾಡಿ ಆಮೇಲೆ ಮೀನುಗಾರರು, ನೇಕಾರರು, ಆಟೋ-ಟ್ಯಾಕ್ಸಿ ಚಾಲಕರು, ಕೂಲಿಕಾರರ ಮಕ್ಕಳಿಗೂ ಸೇರಿಸಿದ್ರು. ಶುರುವಾದಾಗ ಇಂಜಿನಿಯರಿಂಗ್ ಹುಡುಗಿಯರಿಗೆ 11,000, ಹುಡುಗರಿಗೆ 10,000 ಅಂತ ಇತ್ತು. ಬಂದ್ರೆ ಬರ್ಲಿ, ಆದ್ರೆ ಮನೆ ಲೆಕ್ಕದಲ್ಲಿ ಇದನ್ನ ಹಿಡಿಬೇಡಿ.

ಕೊನೆಗೊಂದು ಮಾತು, ಸಿಟ್ಟು ಮಾಡಬೇಡಿ. ಬೆಂಗಳೂರಿನ ಸುಮಾರಾದ ಖಾಸಗಿ ಕಾಲೇಜಿಗಿಂತ ಮಾಜಾಳಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಲ್ಲಿ ಬೇಕಾದ ಬ್ರಾಂಚ್ ಸಿಗ್ತದಾ ನೋಡಿ. ಮನೆಯಿಂದ ಬಸ್ಸಿಗೆ ಹೋಗಿ ಬರಬಹುದು, ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಟಿಕೆಟ್ಟೂ ಇಲ್ಲ. ಪಿಜಿ, ಊಟದ ಖರ್ಚು ಉಳಿಯೋದೇ ಎಷ್ಟೋ ಸ್ಕಾಲರ್‌ಶಿಪ್ಪಿಗಿಂತ ದೊಡ್ಡದು.

ಪ್ರಶ್ನೆ: ಬಿಕಾಂ ಎರಡನೇ ವರ್ಷ. ಎಸ್ಎಸ್‌ಪಿಯಲ್ಲಿ ನೋಡಿದ್ರೆ ಹಣ ಹಾಕಿದ್ದೇವೆ ಅಂತ ತೋರಿಸ್ತದೆ. ಪಾಸ್‌ಬುಕ್ ಎಂಟ್ರಿ ಮಾಡಿಸಿದ್ರೆ ಏನೂ ಇಲ್ಲ. ಕಾಲೇಜಲ್ಲಿ ಕೇಳಿದ್ರೆ ಬ್ಯಾಂಕಿಗೆ ಹೋಗು ಅಂತಾರೆ, ಬ್ಯಾಂಕಲ್ಲಿ ಕಾಲೇಜಿಗೆ ಹೋಗು ಅಂತಾರೆ. — ಕುಮಟಾ

ನಿನ್ನ ದುಡ್ಡು ಹೆಚ್ಚಾಗಿ ಬಂದಿದೆ ತಮ್ಮ, ನೀನು ನೋಡ್ತಿರೋ ಖಾತೆಗೆ ಬಂದಿಲ್ಲ ಅಷ್ಟೇ. ನೀನು ಯಾವ ಪಾಸ್‌ಬುಕ್ ಜೆರಾಕ್ಸ್ ಕೊಟ್ಟಿದ್ದೀಯೋ ಅದಕ್ಕೆ ಬೆಲೆ ಇಲ್ಲ. ಸರ್ಕಾರದವರು ಕಳಿಸೋದು ಆಧಾರ್ ನಂಬರಿಗೆ. ಆ ಆಧಾರಿಗೆ ಕೊನೆಗೆ ಯಾವ ಬ್ಯಾಂಕು ಎನ್‌ಪಿಸಿಐಯಲ್ಲಿ (ಬ್ಯಾಂಕುಗಳ ನಡುವೆ ದುಡ್ಡು ದಾಟಿಸೋ ಸಂಸ್ಥೆ) ಸೀಡ್ ಆಗಿದೆಯೋ, ಅಂದ್ರೆ ಜೋಡಣೆ ಆಗಿದೆಯೋ, ಅಲ್ಲಿಗೆ ಹೋಗಿ ಬೀಳ್ತದೆ. ಹೈಸ್ಕೂಲಲ್ಲಿ ಇದ್ದಾಗ ಸ್ಕಾಲರ್‌ಶಿಪ್ಪಿಗೆ ಅಂತ ಅಪ್ಪ ಒಂದು ಝೀರೋ ಬ್ಯಾಲೆನ್ಸ್ ಖಾತೆ ಮಾಡಿಸಿರ್ತಾರೆ, ಆಮೇಲೆ ಪಿಯುಸಿಯಲ್ಲಿ ಇನ್ನೊಂದು, ಯುಪಿಐಗೆ ಅಂತ ಮೊಬೈಲಲ್ಲೇ ಮತ್ತೊಂದು. ಮೂರರಲ್ಲಿ ಯಾವುದಕ್ಕೆ ಅಂತ ನಿಂಗೇ ಗೊತ್ತಿರೋದಿಲ್ಲ.

ಮೈಆಧಾರ್ ಸೈಟಿಗೆ ಹೋಗಿ ಒಟಿಪಿ ಹಾಕಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಅಂತ ಇರೋದನ್ನ ಒತ್ತು, ಯಾವ ಬ್ಯಾಂಕು ಅಂತ ಹೆಸರು ತೋರಿಸ್ತದೆ. ಸರ್ಕಾರದ ದುಡ್ಡು ನೇರ ಖಾತೆಗೆ ಬರೋದಕ್ಕೆ ಡಿಬಿಟಿ ಅಂತಾರೆ, ಡಿಬಿಟಿ ಕರ್ನಾಟಕ ಆ್ಯಪಲ್ಲೂ ನೋಡಬಹುದು, ಯಾವ ಯೋಜನೆಯ ದುಡ್ಡು, ಯಾವ ದಿನ, ಯಾವ ಬ್ಯಾಂಕಿಗೆ ಅಂತ ಅಲ್ಲಿ ಕಾಣ್ತದೆ. ನಮ್ಮ ಕಡೆ ಇನ್ನೊಂದು ಗೋಜಲು ಉಂಟು, ಬ್ಯಾಂಕುಗಳ ಹೆಸರೇ ಬದಲಾಗಿದೆ. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲಲ್ಲಿ ಕೆನರಾದಲ್ಲಿ ಸೇರ್ತು, ಕೆವಿಜಿ (ಕರ್ನಾಟಕ ವಿಕಾಸ ಗ್ರಾಮೀಣ) ಬ್ಯಾಂಕು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯ್ತು. ಹಳೇ ಪಾಸ್‌ಬುಕ್ಕಿನ ಬ್ಯಾಂಕೇ ಇಲ್ಲ ಅಂತ ಬಿಟ್ಟು ಬಿಡಬೇಡ, ಖಾತೆ ಹೊಸ ಹೆಸರಲ್ಲಿ ಇರ್ತದೆ. ಆಧಾರ್ ತಗೊಂಡು ಹೋಗಿ ಕೆವೈಸಿ ಮಾಡಿಸಿದ್ರೆ ಎದ್ದು ಬರ್ತದೆ.

ಖಾತೆ ಬದಲು ಮಾಡಬೇಕು ಅಂತಿದ್ರೆ ಯಾವ ಬ್ಯಾಂಕು ಬೇಕೋ ಅಲ್ಲಿಗೆ ಹೋಗಿ ಆಧಾರ್ ಸೀಡಿಂಗ್ ಫಾರಂ ಕೊಡು. 'ಆಧಾರ್ ಲಿಂಕ್ ಮಾಡಿ' ಅಂತ ಮಾತ್ರ ಹೇಳಿದ್ರೆ ಅವರು ಖಾತೆಗೆ ಲಿಂಕ್ ಮಾಡಿ ಕಳಿಸ್ತಾರೆ, ಎನ್‌ಪಿಸಿಐ ಮ್ಯಾಪಿಂಗ್ ಆಗಿರೋದಿಲ್ಲ. ಎರಡೂ ಬೇರೆ. 'ಡಿಬಿಟಿಗೆ, ಎನ್‌ಪಿಸಿಐಗೆ ಸೀಡ್ ಮಾಡಿ' ಅಂತ ಬಾಯಿ ಬಿಟ್ಟು ಹೇಳು, ಒಂದು ವಾರ ಬಿಟ್ಟು ಸ್ಟೇಟಸ್ ಮತ್ತೆ ನೋಡು.

ಸೀಡಿಂಗ್ ಸರಿ ಇದ್ದೂ ಅರ್ಜಿನೇ ಮುಂದೆ ಹೋಗದೇ ಇರೋರಿಗೆ: ಹೆಸರು ನೋಡಿ. ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡಲ್ಲಿ ನಾಯ್ಕ, ಆಧಾರಲ್ಲಿ ನಾಯಕ, ಜಾತಿ ಪ್ರಮಾಣಪತ್ರದಲ್ಲಿ ಅಡ್ಡಹೆಸರೇ ಇಲ್ಲ, ಅಪ್ಪನ ಇನಿಷಿಯಲ್ ಒಂದರಲ್ಲಿ ಮುಂದೆ ಒಂದರಲ್ಲಿ ಹಿಂದೆ. ಅಂಕೋಲಾ ಕುಮಟಾ ಕಡೆ ಇದು ಮನೆ ಮನೆ ಕಥೆ. ಎಸ್ಎಸ್ಎಲ್‌ಸಿ ಕಾರ್ಡನ್ನೇ ಮೂಲ ಅಂತ ಇಟ್ಕೊಂಡು ಆಧಾರನ್ನ ಅದಕ್ಕೆ ಸರಿ ಮಾಡಿಸೋದು ಸುಲಭ, ಮಾರ್ಕ್ಸ್ ಕಾರ್ಡ್ ತಿದ್ದಿಸೋಕೆ ಹೋದ್ರೆ ಚಪ್ಪಲಿ ಸವೀತದೆ.

ಪ್ರಶ್ನೆ: ನಮ್ಮದು ಒಂದೂವರೆ ಎಕರೆ ಅಡಿಕೆ ತೋಟ. ಜನರಲ್ ಕೆಟಗರಿ, ಹವ್ಯಕರು. ಮಗ ಪಿಯುಸಿಯಲ್ಲಿ 94 ಪರ್ಸೆಂಟ್ ತೆಗೆದಿದ್ದಾನೆ, ಡಿಗ್ರಿ ಓದಿಸಬೇಕು. ಕೊಳೆ ರೋಗ ಬಂದು ಹೋದ ವರ್ಷ ಫಸಲೇ ಇಲ್ಲ. ನಮ್ಮಂಥವರಿಗೆ ಸರ್ಕಾರದಿಂದ ಏನೂ ಇಲ್ಲ ಅಲ್ವಾ? — ಶಿರಸಿ ತಾಲೂಕು

ಏನೂ ಇಲ್ಲ ಅಂತ ಹೇಳ್ಕೊಂಡು ಅರ್ಜಿನೇ ಹಾಕದೇ ಇರೋದು ನಮ್ಮ ಘಟ್ಟದ ಮೇಲಿನವರ ದೊಡ್ಡ ರೋಗ, ಕೊಳೆಗಿಂತ ಜೋರು! ಮಾರ್ಕ್ಸ್ ಮೇಲೆ ಸಿಗೋದು ಇದೆ. ಕೇಂದ್ರದ ಸೆಂಟ್ರಲ್ ಸೆಕ್ಟರ್ ಸ್ಕೀಮ್, ಈಗ ಪಿಎಂ-ಯುಎಸ್‌ಪಿ ಅಂತ ಹೆಸರು. ಪಿಯುಸಿಯಲ್ಲಿ ಬೋರ್ಡಿನ ಮೇಲಿನ ಶೇ 20 ಮಕ್ಕಳ ಸಾಲಲ್ಲಿ ಇರಬೇಕು, ಮನೆ ಆದಾಯ ನಾಲ್ಕೂವರೆ ಲಕ್ಷದ ಒಳಗೆ, ರೆಗ್ಯುಲರ್ ಡಿಗ್ರಿಗೆ ಸೇರಿರಬೇಕು. ಡಿಗ್ರಿಗೆ ಮೊದಲ ಮೂರು ವರ್ಷ ವರ್ಷಕ್ಕೆ 12,000, ಮುಂದೆ ಪಿಜಿ ಮಾಡಿದ್ರೆ ವರ್ಷಕ್ಕೆ 20,000. ಇಡೀ ದೇಶಕ್ಕೆ ವರ್ಷಕ್ಕೆ 82,000 ಹೊಸಬರಿಗೆ, ಅದರಲ್ಲಿ ಅರ್ಧ ಹುಡುಗಿಯರಿಗೆ. 94 ಪರ್ಸೆಂಟಿಗೆ ಸಾಲಲ್ಲಿ ಇರ್ತಾನೆ ಅಂತ ನಂಬಿ ಎನ್ಎಸ್‌ಪಿಯಲ್ಲಿ ಹಾಕಿಸಿ. ಮುಂದಿನ ವರ್ಷ ರಿನ್ಯೂ ಆಗಬೇಕು ಅಂದ್ರೆ ಶೇ 50 ಮಾರ್ಕ್ಸು, ಶೇ 75 ಹಾಜರಿ ಬೇಕು. ರಿನ್ಯೂವಲ್ ತನ್ನಿಂದ ತಾನೇ ಆಗೋದಿಲ್ಲ, ಪ್ರತಿ ವರ್ಷ ಹೋಗಿ ಹಾಕಬೇಕು, ಮರೆತು ಕೈಬಿಡೋರೇ ಜಾಸ್ತಿ. ಇದು ತಗೊಂಡ್ರೆ ರಾಜ್ಯದ ಬೇರೆ ಸ್ಕಾಲರ್‌ಶಿಪ್ ಜೊತೆಗೆ ತಗೊಳ್ಳೋ ಹಾಗಿಲ್ಲ, ಅದು ಗಮನದಲ್ಲಿರಲಿ.

ಬ್ರಾಹ್ಮಣ ಅಭಿವೃದ್ಧಿ ಮಂಡಳಿಯ ಸಾಂದೀಪನಿ ಶಿಷ್ಯವೇತನ ಅಂತ ಒಂದಿದೆ, ಅರ್ಜಿ ಎಸ್ಎಸ್‌ಪಿಯಲ್ಲೇ. ಎರಡರಲ್ಲಿ ಯಾವುದು ನಿಮಗೆ ಹೆಚ್ಚು ಅಂತ ನೋಡಿ ಆರಿಸ್ಕೊಳ್ಳಿ.

ಆದಾಯ ಪ್ರಮಾಣಪತ್ರದ ವಿಷಯ ಸ್ವಲ್ಪ ಹೇಳ್ತೇನೆ. ಅಡಿಕೆ ಬೆಳೆಗಾರ ಅಂದ ಕೂಡ್ಲೇ ಕೋಟಿ ಕುಳ ಅಂತ ಎಲ್ಲರ ತಲೇಲಿ ಇರ್ತದೆ, ಆಫೀಸಲ್ಲೂ ಇರ್ತದೆ. ಪಹಣಿ ತಗೊಂಡು ಹೋಗಿ, ತೋಟ ಎಷ್ಟು ಗುಂಟೆ, ಬೆಟ್ಟ ಎಷ್ಟು ಅಂತ ಬೇರೆ ಬೇರೆ ತೋರಿಸಿ, ಸೊಸೈಟಿಯ ಅಡಿಕೆ ಮಾರಾಟದ ಪಟ್ಟಿ ಇದ್ರೆ ಅದನ್ನೂ ಇಡಿ. ಇದ್ದದ್ದು ಇದ್ದ ಹಾಗೆ ಬರೆಸಿ. ಒಂದ್ಸಲ ಕೊಟ್ರೆ ಐದು ವರ್ಷ ನಡೀತದೆ, ಪೂರ್ತಿ ಡಿಗ್ರಿಗೆ ಸಾಕು, ಹಂಗಾಗಿ ಎರಡು ಸಲ ಓಡಾಡಿದ್ರೂ ಅಡ್ಡಿಲ್ಲ. ಬೇರೆ ಮೀಸಲಾತಿ ಇಲ್ಲದ ಬಡವರಿಗೆ ಕೊಡೋ ಇಡಬ್ಲ್ಯೂಎಸ್ ಪ್ರಮಾಣಪತ್ರ ಇದರ ಜೊತೆ ಕಲಸಬೇಡಿ, ಅದು ವರ್ಷಕ್ಕೊಂದು ಸಲ, ಕೃಷಿ ಭೂಮಿ ಐದು ಎಕರೆಗಿಂತ ಕಡಿಮೆ ಇರಬೇಕು, ಕೇಂದ್ರದ ಸಂಸ್ಥೆಗಳಲ್ಲಿ ಸೀಟಿಗೆ ಉಪಯೋಗ. ಅದರಿಂದಲೇ ಸ್ಕಾಲರ್‌ಶಿಪ್ ಬರ್ತದೆ ಅಂತ ಯಾರೋ ಹೇಳಿದ್ರಂತೆ, ಹಾಗೇನೂ ಇಲ್ಲ.

ದುಡ್ಡಿನ ಹೊಂದಾಣಿಕೆ ಮಾತ್ರ ನಿಮ್ಮದೂ ಕಾರವಾರದ ಅಣ್ಣನ ಹಾಗೇ. ಫೀ ಕಟ್ಟೋದು ಮಳೆಗಾಲದಲ್ಲಿ, ಅಡಿಕೆ ಕೈಗೆ ಬರೋದು ಬೇಸಿಗೆ ಹತ್ತಿರ. ಸೊಸೈಟಿಯಲ್ಲಿ ಬೆಳೆ ಸಾಲ ಎತ್ತುವಾಗಲೇ ಮೊದಲ ಕಂತಿನ ಫೀ ಲೆಕ್ಕ ಹಾಕ್ಕೊಳ್ಳಿ.

ಪ್ರಶ್ನೆ: ಮಗಳಿಗೆ ಮಂಗಳೂರಲ್ಲಿ ಬಿಎಸ್ಸಿ ನರ್ಸಿಂಗ್ ಸೀಟು ಸಿಕ್ಕಿದೆ. ಮೂರೂವರೆ ಲಕ್ಷ ಸಾಲ ಕೇಳಿದ್ರೆ ಬ್ಯಾಂಕಿನವರು ಮನೆ ಪತ್ರ ಇಡಿ ಅಂದ್ರು. ಮನೆ ಬಿಟ್ರೆ ನಮ್ಮ ಹತ್ರ ಬೇರೆ ಏನೂ ಇಲ್ಲ. ಇಡೋದಾ? — ಹೊನ್ನಾವರ

ಇಡಬೇಡಿ ಅಕ್ಕ. ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲೇ ಇದೆ, 4 ಲಕ್ಷದ ತನಕ ಅಡಮಾನ ಬೇಡ, ನಿಮ್ಮ ಕೈಯಿಂದ ಮಾರ್ಜಿನ್ ದುಡ್ಡೂ ಬೇಡ, ಅಪ್ಪ ಅಥವಾ ಅಮ್ಮ ಜಂಟಿಯಾಗಿ ಸಹಿ ಹಾಕಿದ್ರೆ ಆಯ್ತು. ಕೌಂಟರಲ್ಲಿ ನಿಂತು ವಾದ ಮಾಡಿದ್ರೆ ಕೆಲಸ ಆಗೋದಿಲ್ಲ, ಪಿಎಂ-ವಿದ್ಯಾಲಕ್ಷ್ಮಿ ಪೋರ್ಟಲ್ಲಲ್ಲಿ ಅರ್ಜಿ ಹಾಕಿ, ದಾಖಲೆ ಉಳೀತದೆ. ಆಗೋದಿಲ್ಲ ಅಂದ್ರೆ ಕಾರಣ ಬರಹದಲ್ಲಿ ಕೇಳಿ. ಅದನ್ನ ಹಿಡ್ಕೊಂಡು ಕಾರವಾರದಲ್ಲಿ ಜಿಲ್ಲಾ ಲೀಡ್ ಬ್ಯಾಂಕ್ ಮ್ಯಾನೇಜರ್ ಹತ್ರ ಹೋಗಿ. ಬರಹದಲ್ಲಿ ಕೊಡಿ ಅಂದ ಕೂಡ್ಲೇ ಎಷ್ಟೋ ಕಡೆ ಮಾತು ಮೆತ್ತಗಾಗ್ತದೆ.

ಪಿಎಂ-ವಿದ್ಯಾಲಕ್ಷ್ಮಿ ಯೋಜನೆ ಅಂತ 2024ರ ನವೆಂಬರಲ್ಲಿ ಕೇಂದ್ರ ಸಂಪುಟ ಒಪ್ಪಿದ್ದು ಬೇರೆ, ಅದರ ಸವಲತ್ತು ಎನ್ಐಆರ್‌ಎಫ್ ಅಂತ ಕೇಂದ್ರ ಕೊಡೋ ಕಾಲೇಜು ರ‍್ಯಾಂಕಿಂಗ್ ನೋಡಿ ಆರಿಸಿದ ಕಾಲೇಜುಗಳಿಗೆ ಮಾತ್ರ, ಶುರುವಲ್ಲಿ 860 ಸಂಸ್ಥೆ. ಅಲ್ಲಿ ಮೆರಿಟ್ ಮೇಲೆ ಸೇರಿದ್ರೆ ಅಡಮಾನವೂ ಇಲ್ಲ, ಜಾಮೀನೂ ಇಲ್ಲ, ಆದಾಯ 8 ಲಕ್ಷದ ಒಳಗಿದ್ರೆ 10 ಲಕ್ಷದ ತನಕದ ಸಾಲಕ್ಕೆ ಓದೋ ಅವಧಿಯಲ್ಲಿ ಬಡ್ಡಿಯಲ್ಲಿ ಶೇ 3 ಸರ್ಕಾರ ಕಟ್ತದೆ. ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಇಲ್ಲ. ಮಗಳ ಕಾಲೇಜು ಪಟ್ಟಿಯಲ್ಲಿ ಇದೆಯಾ ನೋಡಿ, ಇಲ್ಲದಿದ್ರೂ ಬೇಜಾರಿಲ್ಲ. ಮನೆ ಆದಾಯ ನಾಲ್ಕೂವರೆ ಲಕ್ಷದ ಒಳಗಿದ್ದು ವೃತ್ತಿಪರ ಕೋರ್ಸು ಆದ್ರೆ ಸಿಎಸ್ಐಎಸ್ ಅಂತ ಇನ್ನೊಂದು ಬಡ್ಡಿ ಸಬ್ಸಿಡಿ ಇದೆ, ಓದು ಮುಗಿದು ಒಂದು ವರ್ಷದ ತನಕ ಪೂರ್ತಿ ಬಡ್ಡಿ. ಆದ್ರೆ ಅದನ್ನ ಬ್ಯಾಂಕೇ ಕ್ಲೇಮ್ ಮಾಡಬೇಕು, ಸಾಲ ಆಗುವಾಗಲೇ ಆದಾಯ ಪ್ರಮಾಣಪತ್ರ ಕೊಟ್ಟು 'ಸಿಎಸ್ಐಎಸ್‌ಗೆ ಹಾಕಿ' ಅಂತ ಬರೆದು ಕೊಡಿ.

ಬಡ್ಡಿ ಲೆಕ್ಕ ಯಾಕೆ ಇಷ್ಟು ಹೇಳ್ತೇನೆ ಅಂದ್ರೆ, ಓದುವಾಗ ಕಂತು ಇಲ್ಲ ಅಂತ ಜನ ಸುಮ್ನಿರ್ತಾರೆ, ಬಡ್ಡಿ ಸುಮ್ನಿರೋದಿಲ್ಲ. ವರ್ಷಕ್ಕೆ 1 ಲಕ್ಷದ ಹಾಗೆ ನಾಲ್ಕು ವರ್ಷ 4 ಲಕ್ಷ ಎತ್ತಿದ್ರಿ, ಬಡ್ಡಿ ಶೇ 10 ಅಂತ ಇಟ್ಕೊಳ್ಳಿ. ಓದು ಮುಗಿದು ಒಂದು ವರ್ಷ ಆಗೋ ಹೊತ್ತಿಗೆ ಮೊದಲ ಲಕ್ಷಕ್ಕೆ 50,000, ಎರಡನೇದಕ್ಕೆ 40,000, ಆಮೇಲೆ 30,000, 20,000, ಒಟ್ಟು 1,40,000 ಬಡ್ಡಿನೇ. ಸಬ್ಸಿಡಿ ಸಿಕ್ಕಿದ್ರೆ ಇದು ಸೊನ್ನೆ. ಸಿಗದಿದ್ರೆ ತಿಂಗಳು ತಿಂಗಳು ಬಡ್ಡಿಯನ್ನಾದ್ರೂ ಕಟ್ತಾ ಬನ್ನಿ.

ಹಿಂದುಳಿದ ವರ್ಗದವರಾಗಿದ್ರೆ ದೇವರಾಜ ಅರಸು ನಿಗಮ, ಅಲ್ಪಸಂಖ್ಯಾತರಾಗಿದ್ರೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ಅರಿವು ಸಾಲ ಕೇಳಿ, ಬಡ್ಡಿ ಶೇ 2 ಮಾತ್ರ. ಮುಖ್ಯವಾಗಿ ಸಿಇಟಿ, ನೀಟ್ ಮೂಲಕ ಸೀಟು ಸಿಕ್ಕವರಿಗೆ. ಶೇ 10ಕ್ಕೂ ಶೇ 2ಕ್ಕೂ ಎಷ್ಟು ಅಂತರ ಅಂತ ಮೇಲಿನ ಲೆಕ್ಕದಲ್ಲೇ ಗೊತ್ತಾಗ್ತದೆ, ಬ್ಯಾಂಕಿಗಿಂತ ಮೊದ್ಲು ಅಲ್ಲಿಗೆ ಹೋಗಿ.

ಪ್ರಶ್ನೆ: ನಾನು ಸಿದ್ದಿ ಸಮುದಾಯದವಳು. ಒಂದರಿಂದ ಪಿಯುಸಿ ತನಕ ಸರ್ಕಾರಿ ಶಾಲೆ, ಕಾಲೇಜು. ಈಗ ಬಿಎ ಮೊದಲ ವರ್ಷ. ಮನೆ ಕಾಡಿನ ಒಳಗೆ, ದಿನಾ ಓಡಾಡೋಕೆ ಆಗೋದಿಲ್ಲ. — ಯಲ್ಲಾಪುರ

ತಂಗಿ, ಮೊದಲು ಹಾಸ್ಟೆಲ್, ಆಮೇಲೆ ಉಳಿದದ್ದು. ಮೆಟ್ರಿಕ್ ನಂತರದ ಹಾಸ್ಟೆಲಿಗೆ ಸ್ಟೇಟ್ ಹಾಸ್ಟೆಲ್ ಪೋರ್ಟಲ್ಲಲ್ಲಿ ಅರ್ಜಿ, ದಿನಾಂಕ ಮುಗಿದಿದ್ರೂ ಸಮಾಜ ಕಲ್ಯಾಣ ಅಥವಾ ಪರಿಶಿಷ್ಟ ವರ್ಗಗಳ ಇಲಾಖೆಯ ತಾಲೂಕು ಆಫೀಸಿಗೆ ಹೋಗಿ ಖಾಲಿ ಇದೆಯಾ ಕೇಳು. ನಮ್ಮ ಜಿಲ್ಲೆಯ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡ, ಹಂಗಾಗಿ ಆದಾಯ ಎರಡೂವರೆ ಲಕ್ಷದ ಒಳಗಿದ್ರೆ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ನಿನ್ನ ಹಕ್ಕು, ಎಸ್ಎಸ್‌ಪಿಯಲ್ಲಿ ಹಾಕು.

ಇನ್ನೊಂದು ನಿನಗಂತಲೇ ಇದ್ದಂಗಿದೆ, ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್. ಹತ್ತನೇ ಕ್ಲಾಸು, ಪಿಯುಸಿ ಎರಡೂ ಸರ್ಕಾರಿಯಲ್ಲಿ ಓದಿ ಡಿಗ್ರಿ ಅಥವಾ ಡಿಪ್ಲೊಮಾ ಮೊದಲ ವರ್ಷ ಸೇರಿದ ಹುಡುಗಿಯರಿಗೆ ವರ್ಷಕ್ಕೆ 30,000, ಕೋರ್ಸು ಮುಗಿಯೋ ತನಕ. ಅರ್ಜಿ ಆನ್‌ಲೈನ್, ಶುಲ್ಕ ಇಲ್ಲ. ಖಾತೆ ನಿನ್ನ ಹೆಸರಲ್ಲೇ ಇರಲಿ. ನಿನ್ನ ಕ್ಲಾಸಲ್ಲಿ ಇಂಥವರು ಇನ್ನೂ ಇರ್ತಾರೆ, ಅವರಿಗೂ ಹೇಳು, ಮೊದಲ ವರ್ಷ ದಾಟಿದ್ರೆ ಹಾಕೋಕೆ ಬರೋದಿಲ್ಲ.

ಪ್ರಶ್ನೆ: ಡಿಗ್ರಿ ಆಯ್ತು, ಎಂಎ ಸೇರ್ತಾ ಇದ್ದೇನೆ. ಯುವನಿಧಿ 3,000 ಬರ್ತದಾ? — ಅಂಕೋಲಾ

ಬರೋದಿಲ್ಲ. ಪಾಸಾಗಿ ಆರು ತಿಂಗಳಾದ್ರೂ ಕೆಲಸ ಸಿಗದವರಿಗೆ ಅದು, ಮುಂದೆ ಓದ್ತಿರೋರಿಗೆ ಅಲ್ಲ. ಎಂಎಗೆ ಎಸ್ಎಸ್‌ಪಿ ನೋಡಿ.

ಪ್ರಶ್ನೆ: ನಿಮ್ಮ ಸ್ಕಾಲರ್‌ಶಿಪ್ 48,000 ಸ್ಯಾಂಕ್ಷನ್ ಆಗಿದೆ, 500 ಕಳಿಸಿ ಅಂತ ಫೋನ್ ಬಂತು. ನಾನು ಒಟಿಪಿ ಕೂಡ ಹೇಳಿಬಿಟ್ಟೆ. — ಭಟ್ಕಳ

ಇದನ್ನ ಓದ್ತಾ ಕೂರಬೇಡಿ, ಈಗ್ಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಬ್ಯಾಂಕಿಗೆ ಹೇಳಿ ಖಾತೆ ತಡೆಸಿ. ಎಸ್ಎಸ್‌ಪಿ, ಎನ್ಎಸ್‌ಪಿ ಯಾವುದರಲ್ಲೂ ಸ್ಕಾಲರ್‌ಶಿಪ್ ಬಿಡುಗಡೆಗೆ ದುಡ್ಡು ಕೇಳೋದಿಲ್ಲ. ಆಧಾರಿಗೆ ಲಿಂಕ್ ಇರೋ ಖಾತೆ ಅದೇ ಆಗಿದ್ರೆ ಪೂರ್ತಿ ಕ್ಲೋಸ್ ಮಾಡಿಸಬೇಡಿ, ಇಲ್ಲದಿದ್ರೆ ನಿಜವಾದ ಸ್ಕಾಲರ್‌ಶಿಪ್ ವಾಪಸ್ ಹೋಗ್ತದೆ. ತಡೆ ತೆಗೆಸಿ ಪಿನ್, ಪಾಸ್‌ವರ್ಡ್ ಬದಲಿಸಿದ್ರೆ ಸಾಕು.